ಅಳುಹಾಡಿಗೆ ಕೊಟ್ಟ ಹೆಸರು

ನಮ್ಮ ರಂಗಮಂದಿರದಲ್ಲಿ ನಾನು ಎಲ್ಲರನ್ನೂ ಪಾದದಿಂದಲೇ ಗುರುತಿಸುತ್ತೇನೆ. ವೇದಿಕೆಯ ಮುಂತುದಿಯಲ್ಲಿ ಹಲಗೆ ಕೊರೆದು ಕೂರಿಸಿದ ಪೆಟ್ಟಿಗೆ ನನ್ನ ಜಾಗ. ಜನರ ಕಡೆಗೆ ಮುಚ್ಚಿದೆ, ನಟರ ಕಡೆಗೆ ತೆರೆದಿದೆ. ಅದರಲ್ಲಿ ಕುಳಿತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ನನ್ನ ಕೆಲಸ. ಹಿಂದೆ ಇದು ಗೋಫಿರ್ ಎಂಬವನ ಕೆಲಸವಾಗಿತ್ತು. ಅವನು ಯುದ್ಧಕ್ಕೆ ಹೋದ. ಮರುವರ್ಷ ಅವನ ಮನೆಗೆ ಕಪ್ಪು ಕಾಗದ, ಸತ್ತನೆಂಬ ಸುದ್ದಿಯದು, ಬಂತು.

ಐದನೇ ತರಗತಿಗೆ ಶಾಲೆ ಬಿಟ್ಟು ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬೇಯಿಸುತ್ತಿದ್ದ ನನ್ನನ್ನು ಇಲ್ಲಿಗೆ ಕರೆತಂದವರು ಮಾಮಸೋಲಿ ಆಕಾ. ನಮ್ಮ ಬೀದಿಯವರೇ, ಎಲ್ಲರಿಗೂ ಆಕಾ, ಅಂದರೆ ಅಣ್ಣ. ತಂಡದ ಹಿರಿಯ ನಟ. ನನ್ನ ದನಿ ಕಾರ್ಖಾನೆಯಲ್ಲಿ ಪಕ್ಕದವಳಿಗೂ ಕೇಳುತ್ತಿರಲಿಲ್ಲ.

"ಇಂಥ ದನೀನೇ ನಾನು ಹುಡುಕ್ತಾ ಇದ್ದಿದ್ದು ಇನೋಯತ್," ಎಂದರು ಅವರು. "ಆ ಗೋಫಿರ್ ಹೇಳಿಕೊಟ್ರೆ ಹಿಂದಿನ ಸಾಲಿನೋನು ನನಗಿಂತ ಮೊದಲು ಕೇಳಿಸ್ಕೊಂಡು ನಗ್ತಿದ್ದ. ಪಾಪ, ದೇವರು ಒಳ್ಳೇದು ಮಾಡ್ಲಿ ಅವನಿಗೆ."

ಮಾಮಸೋಲಿ ಆಕಾಗೆ ನಾನು ಬೇಕಾಗಿದ್ದದ್ದು ಇನ್ನೊಂದು ಕಾರಣಕ್ಕೆ. ಅವರು ಹುಡುಗನಾಗಿದ್ದಾಗ ಕಲಿತದ್ದು ಅರಬ್ಬಿ ಅಕ್ಷರ. ಆಮೇಲೆ ಲ್ಯಾಟಿನ್ ಅಕ್ಷರ ಬಂತು, ಕಷ್ಟಪಟ್ಟು ಕಲಿತರು. ಅದು ಕಣ್ಣಿಗೆ ಹೊಂದುವಷ್ಟರಲ್ಲಿ ರಷ್ಯನ್ ಅಕ್ಷರ ಬಂತು. ಮೂರನೆಯದನ್ನು ಕಲಿಯಲು ಅವರು ಒಪ್ಪಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಒಲೆಯ ಪಕ್ಕ ಕುಳಿತು ಅವರ ಮಾತುಗಳನ್ನು ನಾನು ಓದಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳಿ ಬಾಯಿಪಾಠ ಮಾಡುತ್ತಿದ್ದರು. ನಡುನಡುವೆ ಹಳೆಯದನ್ನು ಹೇಳುತ್ತಿದ್ದರು. ರಾಜನ ಕಾಲದಲ್ಲಿ ಒಂಟೆಗಳು ತಂಗುವ ಛತ್ರದ ಅಂಗಳದಲ್ಲಿ ಗಾಡಿಗಳನ್ನು ಒತ್ತಾಗಿ ನಿಲ್ಲಿಸಿ, ಮೇಲೆ ಹಲಗೆ ಹಾಸಿ ಮೊದಲ ಆಟ ಆಡಿದ್ದು. ಹೆಂಗಸರು ನೋಡುವಂತಿಲ್ಲ, ಆಡುವುದಂತೂ ಇಲ್ಲವೇ ಇಲ್ಲ. ಮೀಸೆ ಮೂಡದ ಮಾಮಸೋಲಿ ಎದೆಗೆ ಹತ್ತಿ ತುರುಕಿಕೊಂಡು ವಧುವಾದರು. ಹನ್ನೆರಡು ವರ್ಷ ವಧುವಾಗಿಯೇ ಉಳಿದರು. ಹೊರಗಿನಿಂದ ಕಲ್ಲು ಬೀಳುತ್ತಿತ್ತು. ಆಟ ಮುಗಿದ ಮೇಲೆ ಅದೇ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಅಕ್ಷರ ಬರೆದು ಬಂದವರಿಗೆ ಓದು ಕಲಿಸುತ್ತಿದ್ದರಂತೆ. ಆಮೇಲೆ ಮೊದಲ ನಟಿ ಬಂದಳು. ಊರಿನವರು ಅವಳ ಅಪ್ಪನಿಗೆ ಸಲಾಂ ಹೇಳುವುದನ್ನು ಬಿಟ್ಟರು.

"ಅವಳಿಗೆ ಹೆಂಗಸಿನ ಥರ ನಡೆಯೋಕೆ ಬರ್ತಿರಲಿಲ್ಲ," ಎನ್ನುತ್ತಿದ್ದರು. "ನಾನೇ ಕಲಿಸಿಕೊಟ್ಟೆ."

ನಮ್ಮ ಅವ್ವ ಆ ಕಲ್ಲೆಸೆತದ ಕಾಲದವಳು. ಒಮ್ಮೆಯೂ ನಾಟಕ ನೋಡಿದವಳಲ್ಲ. ಮಗಳು ಅಲ್ಲಿ ಕೆಲಸಕ್ಕೆ ಸೇರಿದ ಮೇಲೂ ಬರಲಿಲ್ಲ. "ನೀನು ಅಲ್ಲಿ ಕಾಣಿಸಲ್ಲ ತಾನೇ?" ಎಂದು ಕೇಳಿದಳು. ಪೆಟ್ಟಿಗೆಯೊಳಗೆ ಕೂರುತ್ತೇನೆ ಎಂದೆ. "ಹಾಗಾದ್ರೆ ಸರಿ," ಎಂದಳು.

ಯುದ್ಧ ಮುಗಿದ ಎರಡನೆಯ ಚಳಿಗಾಲದಲ್ಲಿ ನಮ್ಮಲ್ಲಿ ಹೊಸ ನಾಟಕ ಶುರುವಾಯಿತು. ಹಳೆಯ ಕಾಲದಲ್ಲಿ ಕಾಲುವೆ ನೀರಿನ ಜಗಳ, ಬಡವನೊಬ್ಬನನ್ನು ಜಮೀನ್ದಾರನ ಆಳುಗಳು ಕೊಲ್ಲುತ್ತಾರೆ, ಮೂರನೆಯ ಅಂಕದಲ್ಲಿ ಹೆಣವನ್ನು ತಾಯಿಯ ಮುಂದೆ ಇಳಿಸುತ್ತಾರೆ. ಸತ್ತ ಮಗನ ಪಾತ್ರ ಮಾಮಸೋಲಿ ಆಕಾಗೇ ಬಂತು. ವಯಸ್ಸು ಐವತ್ತಮೂರು. ತಂಡದಲ್ಲಿ ಬೇರೆ ಗಂಡಸರು ಇರಲಿಲ್ಲವೆಂದಲ್ಲ. ಒಬ್ಬನಿಗೆ ಒಂದು ಕಾಲಿರಲಿಲ್ಲ, ಇನ್ನೊಬ್ಬನಿಗೆ ಕೆಮ್ಮು. ಹೆಣ ಕೆಮ್ಮಬಾರದು. ತಾಯಿಯಾದ ಸಲೋಮತ್ ಅಕ್ಕನಿಗೆ ಮೂವತ್ತೆರಡು.

"ನನ್ನ ಮಗನಿಗೆ ನನ್ನ ಅಪ್ಪನಷ್ಟು ವಯಸ್ಸು," ಎಂದಳು ಆಕೆ.

"ಸಾಕಿದ್ದು ಸರಿಯಿಲ್ಲ ಅವ್ವಾ, ಬೇಗ ಹಣ್ಣಾದೆ," ಎಂದರು ಮಾಮಸೋಲಿ ಆಕಾ.

ಸಲೋಮತ್ ಅಕ್ಕ ತಾಷ್ಕೆಂಟಿನಲ್ಲಿ ಕಲಿತವಳು. ಎಂಟನೆಯ ಮಾತಿಗೆ ಸರಿಯಾಗಿ ಎಡಗಣ್ಣಿನಿಂದ ಒಂದು ಹನಿ ಇಳಿಸುತ್ತಿದ್ದಳು. ಆದರೆ ಮೊದಲ ಆಟದಲ್ಲಿ ಆಕೆ ಅಳುವಾಗ ಹೆಂಗಸರ ಸಾಲುಗಳಲ್ಲಿ ಜರ್ದಾಳು ಬೀಜ ಒಡೆಯುವ ಸದ್ದು ನಿಲ್ಲಲಿಲ್ಲ. ಪೆಟ್ಟಿಗೆಯೊಳಗೆ ನನಗೆ ಅದೊಂದೇ ಕೇಳುತ್ತಿತ್ತು.

ನಿರ್ದೇಶಕ ಇಸ್ಕಂದರೋವ್ ಕೂಡ ಕೇಳಿಸಿಕೊಂಡಿದ್ದ. ಯುದ್ಧದಿಂದ ಎಡಗೈ ಮಡಚಲಾಗದೆ ಬಂದವನು, ಎತ್ತರದ ದನಿಯಲ್ಲಿ ಮಾತಾಡದವನು.

"ನೀವು ಅಳೋದು ಚೆನ್ನಾಗಿದೆ ಸಲೋಮತ್," ಎಂದ. "ಆದ್ರೆ ಜನ ಬೀಜ ತಿಂತಾ ಇದ್ದಾರೆ."

"ಹಾಗಾದ್ರೆ ಬೀಜ ಮಾರೋನನ್ನ ಹೊರಗೆ ಹಾಕಿ."

"ಈ ಊರಲ್ಲಿ ನಾಲ್ಕು ವರ್ಷದಿಂದ ಹೆಂಗಸರು ನಿಜವಾಗಿ ಅತ್ತಿದ್ದಾರೆ. ಅವರಿಗೆ ವ್ಯತ್ಯಾಸ ಗೊತ್ತಾಗುತ್ತೆ."

ಹೀಗೆ ಖೋಸಿಯತ್ ಅಜ್ಜಿ ಬಂದಳು. ನಮ್ಮಲ್ಲಿ ಸಾವಿನ ಮನೆಗೆ ಹೋಗಿ, ಹೆಂಗಸರನ್ನು ಸುತ್ತ ನಿಲ್ಲಿಸಿಕೊಂಡು ಅಳುಹಾಡು ಹಾಡುವುದು ಕೆಲವರ ಕಸುಬು. ಆಕೆ ಆ ಕಸುಬಿನಲ್ಲಿ ಐವತ್ತು ವರ್ಷ ಕಳೆದವಳು. ಸತ್ತವನ ಹೆಸರು, ಅವನ ನಡಿಗೆ, ಅವನು ನೆಟ್ಟ ಗಿಡ, ಎಲ್ಲವನ್ನೂ ಹಾಡಿನೊಳಗೆ ತಂದು ಅವನ ಮನೆಯವರ ಕಣ್ಣೀರನ್ನು ಹೊರಗೆ ಹರಿಸುವುದು ಆಕೆಗೆ ಗೊತ್ತು. ಮೆತ್ತನೆಯ ಬೂಟಿನ ಮೇಲೆ ರಬ್ಬರಿನ ಚಪ್ಪಲಿ ಹಾಕಿಕೊಂಡು ವೇದಿಕೆ ಹತ್ತಿದಳು. ಹಲಗೆ ಸ್ವಲ್ಪವೂ ಕಿರುಗುಟ್ಟಲಿಲ್ಲ. ಮಲಗಿದ್ದ ಮಾಮಸೋಲಿ ಆಕಾರನ್ನು ಬಗ್ಗಿ ನೋಡಿದಳು.

"ಇವನು ಉಸಿರಾಡ್ತಿದಾನೆ," ಎಂದಳು.

"ಇದು ನಾಟಕ ಅಜ್ಜಿ," ಎಂದ ಇಸ್ಕಂದರೋವ್.

"ನಿನಗೆ ನಾಟಕ. ಸಾವಿಗೆ ಅದು ಗೊತ್ತಾಗುತ್ತಾ? ಹೆಸರು ಹಿಡಿದು ಕರೆದ್ರೆ ಬಂದುಬಿಡುತ್ತೆ. ಬದುಕಿರೋನ ಮೇಲೆ ನಾನು ಹಾಡಲ್ಲ."

ಮಲಗಿದ್ದಲ್ಲಿಂದಲೇ ಮಾಮಸೋಲಿ ಆಕಾ, "ಹಾಡಿ ಅಜ್ಜಿ. ಹನ್ನೆರಡು ವರ್ಷ ಮದುಮಗಳಾಗಿದ್ದೆ, ಒಬ್ಬ ಗಂಡನೂ ಸಿಗಲಿಲ್ಲ. ಒಂದು ಗಂಟೆ ಹೆಣವಾದ್ರೆ ಸಾವು ಬಂದುಬಿಡುತ್ತಾ?" ಎಂದರು.

"ನೀನು ಬಾಯಿ ಮುಚ್ಕೊಂಡು ಮಲಗು," ಎಂದಳು ಅಜ್ಜಿ. ಆಮೇಲೆ, "ಮಲಗೋನು ಇವನೇ ಇರಲಿ. ಆದ್ರೆ ನಿಜವಾಗ್ಲೂ ಸತ್ತಿರೋನ ಹೆಸರು ಒಂದು ಕೊಡಿ. ಅವನಿಗೆ ಹಾಡ್ತೀನಿ," ಎಂದಳು.

ಪೆಟ್ಟಿಗೆಯೊಳಗಿಂದ ನಾನು, "ಗೋಫಿರ್," ಎಂದೆ. ಆಕೆ ನನ್ನ ಕಡೆ ಬಗ್ಗಿದಳು. "ಇಲ್ಲಿ ಕೂತು ಎಲ್ಲರಿಗೂ ಮಾತು ಹೇಳಿಕೊಡ್ತಿದ್ದ. ಜೋರು ದನಿ. ಹಿಂದಿನ ಸಾಲಿಗೂ ಕೇಳ್ತಿತ್ತು," ಎಂದೆ.

ಅಷ್ಟು ಸಾಕಾಯಿತು ಆಕೆಗೆ. ಭಾನುವಾರದ ಆಟದಲ್ಲಿ ಸಾವಿನ ಮನೆಗೆ ಕಟ್ಟುವ ನೀಲಿ ವಸ್ತ್ರ ತಲೆಗೆ ಬಿಗಿದು, ನೆರೆಮನೆಯ ಮುದುಕಿಯ ಪಾತ್ರದಲ್ಲಿ ಬಂದಳು. ಸಲೋಮತ್ ಅಕ್ಕ ಹೆಣದ ಮೇಲೆ ಬಾಗಿದಳು. ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು ಹಾಡಿದಳು:

ಎಲ್ಲರ ಮಾತೂ ಎತ್ತಿಕೊಟ್ಟೆಯೋ ಗೋಫಿರ್,
ನಿನ್ನ ಕೊನೆಯ ಮಾತ ಯಾರು ಎತ್ತಿಕೊಂಡರೋ.

ಗೋಫಿರನ ತಾಯಿ ಆ ದಿನ ಸಭೆಯಲ್ಲಿದ್ದಳು. ನಾಲ್ಕನೆಯ ಸಾಲಿನಿಂದ ಒಂದು ಕೂಗು ಬಂತು, ನಾಟಕದ್ದಲ್ಲದ ಕೂಗು. ಬೀಜ ಒಡೆಯುವ ಸದ್ದು ನಿಂತಿತು.

ಮುಂದಿನ ಗುರುವಾರ ಆಟಕ್ಕೆ ಮೊದಲು ಒಬ್ಬ ಹೆಂಗಸು ವೇದಿಕೆಯ ಬಳಿಗೆ ಬಂದು, ಪೆಟ್ಟಿಗೆಯ ಮರವನ್ನು ಬೆರಳಿನಿಂದ ತಟ್ಟಿದಳು. "ನನ್ನ ಮಗನ ಹೆಸರು ಹೇಳ್ತೀಯಾ ಮಗಳೇ? ಅವನ ಹೆಣ ಸಿಗಲಿಲ್ಲ, ಎತ್ತಲಿಲ್ಲ, ಇಳಿಸಲಿಲ್ಲ. ಬೂದು ಕುದುರೆ ಇಷ್ಟ ಅವನಿಗೆ," ಎಂದಳು. ಅದಾದ ಮೇಲೆ ಪ್ರತಿ ಆಟಕ್ಕೂ ಒಂದು ಹೆಸರು ಬಂತು. ವಾರಕ್ಕೆ ಎರಡು ಆಟ, ಗುರುವಾರ ಮತ್ತು ಭಾನುವಾರ, ಮಧ್ಯಾಹ್ನ ಎರಡಕ್ಕೆ, ಯಾಕೆಂದರೆ ಕತ್ತಲಾದ ಮೇಲೆ ವಿದ್ಯುತ್ತೆಲ್ಲ ಕಾರ್ಖಾನೆಗೆ ಹೋಗುತ್ತಿತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಸರಿಯಾದ ಗಳಿಗೆಯಲ್ಲಿ ಪೆಟ್ಟಿಗೆಯ ಹತ್ತಿರ ಬಂದು ಬಗ್ಗುತ್ತಿದ್ದಳು, ನಾನು ಹೆಸರನ್ನೂ ಎರಡು ಮಾತನ್ನೂ ಪಿಸುಗುಡುತ್ತಿದ್ದೆ. ಗೋಫಿರನ ತಾಯಿಯ ಕೂಗು ಕೇಳಿದ ಮೇಲೆ ಆಕೆ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಕಪ್ಪು ಕಾಗದ ಬಂದಿರಬೇಕು, ಹೆಸರನ್ನು ತಾಯಿಯೇ ಕೊಡಬೇಕು. ತಾಯಿ ಇಲ್ಲದಿದ್ದರೆ ಮಾತ್ರ ಹೆಂಡತಿ.

ಜಿಲ್ಲೆಯಿಂದ ಒಮ್ಮೆ ಒಬ್ಬರು ಬಂದು ನೋಡಿದರು. ಇದು ಹಳೆಯ ಆಚಾರವಲ್ಲವೇ, ನಾಟಕದ ಪುಸ್ತಕದಲ್ಲಿ ಈ ಹಾಡು ಎಲ್ಲಿದೆ ಎಂದು ಕೇಳಿದರು. ಇಸ್ಕಂದರೋವ್ ನನ್ನ ಪುಸ್ತಕ ತರಿಸಿ ತೋರಿಸಿದ. ಆ ಜಾಗದಲ್ಲಿ 'ತಾಯಿ ಅಳುತ್ತಾಳೆ' ಎಂದಷ್ಟೇ ಇತ್ತು.

"ಅಳ್ತಿದ್ದಾರೆ, ಅಷ್ಟೇ," ಎಂದ ಇಸ್ಕಂದರೋವ್.

ಆ ಮನುಷ್ಯ ಪುಸ್ತಕವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಮುಚ್ಚಿ ಕೊಟ್ಟರು.

ನಮ್ಮ ಮನೆಯಲ್ಲಿ ನಾವು ಮೂವರು. ಅವ್ವ, ನಾನು, ಅತ್ತಿಗೆ ಮಸ್ತುರಾ. ಅಣ್ಣ ಸೊಬಿರ್ ಮದುವೆಯಾದ ನಾಲ್ಕು ತಿಂಗಳಿಗೆ ಸೈನ್ಯಕ್ಕೆ ಹೋದ. ಹೋಗುವಾಗ ಎಲ್ಲರಂತೆ ಅವನೂ ಹೊಸ ರೊಟ್ಟಿಯಿಂದ ಒಂದು ತುತ್ತು ಕಚ್ಚಿದ. ಉಳಿದದ್ದನ್ನು ಅವ್ವ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಕಚ್ಚಿಟ್ಟವನು ಬಂದು ತಿಂದು ಮುಗಿಸಬೇಕು. ಅದೇ ವರ್ಷ ಚಳಿಗಾಲಕ್ಕೆ ಮೊದಲು ಕಾಗದ ಬಂತು, ಕಪ್ಪು ಕಾಗದವಲ್ಲ. ಪತ್ತೆಯಿಲ್ಲ ಎಂದಿತ್ತು. ಅವ್ವ ಅದನ್ನು ಮಡಚಿ ಹಿಟ್ಟಿನ ಡಬ್ಬದ ಕೆಳಗಿಟ್ಟಳು. ಪ್ರತಿ ಶುಕ್ರವಾರ ರೊಟ್ಟಿಯ ಮೇಲಿನ ಧೂಳನ್ನು ಒರೆಸುತ್ತಿದ್ದಳು. ಅದು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಹಲ್ಲಿನ ಗುರುತು ಮಾತ್ರ ಹಾಗೇ ಇತ್ತು.

ಮಸ್ತುರಾಗೆ ಈಗ ಇಪ್ಪತ್ತಮೂರು. ಐದು ಚಳಿಗಾಲ ನಮ್ಮ ಒಲೆ ಹೊತ್ತಿಸಿದ್ದಳು. ಅವಳು ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಮದುವೆಮನೆಯಲ್ಲಿ ಸುಮಂಗಲಿಯರ ಜೊತೆ ಕೂರಿಸುತ್ತಿರಲಿಲ್ಲ, ಸಾವಿನ ಮನೆಯಲ್ಲಿ ವಿಧವೆಯರ ಜೊತೆಗೂ ಕೂರಿಸುತ್ತಿರಲಿಲ್ಲ. ಬಾಗಿಲ ಬಳಿ ಕೂತು ಚಹಾ ಸುರಿಯುತ್ತಿದ್ದಳು. ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಮಾಡುವ ನೋರ್ಮತ್ ಎಂಬವನಿದ್ದ, ಯುದ್ಧದಲ್ಲಿ ಕುಂಟನಾಗಿ ಬಂದವನು. ಅವನು ಅವಳನ್ನು ಮದುವೆಗೆ ಕೇಳಿದ್ದ. ಹೊಸ ಕಾಲುವೆಯ ಕಡೆ ಹುಲ್ಲುಗಾವಲಿನಲ್ಲಿ ಅವನಿಗೆ ಮನೆ ಕೊಡುತ್ತಿದ್ದರು. ಹಿಪ್ಪುನೇರಳೆ ಚಿಗುರುವ ಮೊದಲು ಹೊರಡಬೇಕಿತ್ತು. ಸರಕಾರದ ಕಚೇರಿಯಲ್ಲಿ ಮರುಮದುವೆಗೆ ಬೇಕಾದ ಕಾಗದ ಸಿಗುತ್ತಿತ್ತು. ನಾಲ್ಕು ವರ್ಷ ಕಾದರೆ ಸಾಕು ಎಂದು ಮಸೀದಿಯ ಮುದುಕರೂ ಹೇಳಿದ್ದರು. ಆದರೆ ತಾಯಿ ಅಳದ ಗಂಡಸು ನಮ್ಮ ಬೀದಿಯಲ್ಲಿ ಸತ್ತವನಲ್ಲ. ಅಂಥವನ ಹೆಂಡತಿ ಹೊರಟರೆ ಓಡಿಹೋದಳು ಎನ್ನುತ್ತಾರೆ. ಮಸ್ತುರಾ ಹಾಗೆ ಅನ್ನಿಸಿಕೊಳ್ಳಲು ಸಿದ್ಧಳಿರಲಿಲ್ಲ.

ಒಂದು ದಿನ ಬಾವಿಯ ಹತ್ತಿರ ಅವಳು ನನ್ನ ಕೈಯಿಂದ ಬಕೆಟ್ ತೆಗೆದುಕೊಂಡಳು.

"ಇನ್ನೆಷ್ಟು ಆಟ ಇದೆ?"

"ಎರಡು."

"ಒಂದಕ್ಕೆ ನಿನ್ನ ಅಣ್ಣನ ಹೆಸರು ಹೇಳು."

ನಾನು ಹಗ್ಗ ನೋಡಿದೆ.

"ನಾನು ಕೊಟ್ರೆ ಅಜ್ಜಿ ತಗೊಳಲ್ಲ. ಅತ್ತೆ ಕೊಡಲ್ಲ. ನೀನು ಹೇಳಿದ್ರೆ ಯಾರು ಕೊಟ್ಟದ್ದು ಅಂತ ಅಜ್ಜಿ ಕೇಳಲ್ಲ. ಒಂದ್ಸಲ ಊರು ಕೇಳಿಸ್ಕೊಂಡ್ರೆ ಸಾಕು ನನಗೆ," ಎಂದಳು. ಬಕೆಟ್ಟನ್ನು ಬಾವಿಗೆ ಬಿಟ್ಟಳು. "ಅವರು ಬದುಕಿದ್ದಾರೆ ಅಂತ ನಿನಗೆ ಅನ್ನಿಸುತ್ತಾ ಇನೋಯತ್? ನಿಜ ಹೇಳು."

ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅಣ್ಣನ ಮುಖಕ್ಕಿಂತ ರೊಟ್ಟಿಯ ಮೇಲಿನ ಅವನ ಹಲ್ಲಿನ ಗುರುತು ನನಗೆ ಹೆಚ್ಚು ನೆನಪಿತ್ತು. "ಗೊತ್ತಿಲ್ಲ," ಎಂದೆ.

"ನನಗೂ ಗೊತ್ತಿಲ್ಲ. ಐದು ವರ್ಷದಿಂದ ಗೊತ್ತಿಲ್ಲ," ಎಂದಳು ಅವಳು.

ಕೊನೆಯದಕ್ಕೆ ಮುಂಚಿನ ಆಟದ ದಿನ ಹಿಮ ಬಿದ್ದಿತ್ತು. ಯಾರೂ ಪೆಟ್ಟಿಗೆ ತಟ್ಟಲಿಲ್ಲ. ಮಸ್ತುರಾ ಮೂರನೆಯ ಸಾಲಿನಲ್ಲಿದ್ದಳು, ಆಟ ಶುರುವಾಗುವ ಮೊದಲೇ ನೋಡಿದ್ದೆ. ಮೂರನೆಯ ಅಂಕ ಬಂತು. ಮಾಮಸೋಲಿ ಆಕಾರನ್ನು ಹೊತ್ತು ತಂದು ಇಳಿಸಿದರು. ಅವರ ಅಂಗಾಲು ನನ್ನ ಮುಖದ ನೇರಕ್ಕೆ ಬಂತು. ಅಜ್ಜಿಯ ರಬ್ಬರ್ ಚಪ್ಪಲಿ ಹತ್ತಿರ ಬಂದು ನಿಂತಿತು. ಆಕೆ ಬಗ್ಗಿದಳು.

ಹೆಸರಿಲ್ಲ ಎಂದು ಹೇಳುವವಳಿದ್ದೆ. ಬಾಯಿಂದ, "ಸೊಬಿರ್," ಎಂದು ಬಂತು. ಎಂದಿನ ಸಣ್ಣ ದನಿಯಲ್ಲಲ್ಲ. ಯಾಕೆಂದು ನನಗೆ ತಿಳಿಯದು.

ಅಜ್ಜಿ ನೀಲಿ ವಸ್ತ್ರದ ತುದಿಯಿಂದ ಬಾಯಿ ಮರೆಮಾಡಿಕೊಂಡಳು. "ತಾಯಿ ಯಾರು?"

ನಾನು ಪುಸ್ತಕದ ಮೇಲೆ ತಲೆ ತಗ್ಗಿಸಿದೆ.

ಆಕೆ ಎದ್ದು ನಿಂತು ಹಾಡಿದಳು. ಹೆಸರಿಲ್ಲದೆ ಹಾಡಿದಳು. ಮಗನೇ, ಮಗನೇ ಎಂದಷ್ಟೇ. ಸಭೆಯಲ್ಲಿ ಗುಜುಗುಜು ಎದ್ದಿತು. ಆಟ ಮುಗಿದ ಮೇಲೆ ಆಕೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಅದು ನಿನ್ನ ಅಣ್ಣನ ಹೆಸರಲ್ವಾ? ಕಾಗದ ಬಂತಾ?"

"ಇಲ್ಲ."

"ಐವತ್ತು ವರ್ಷದಲ್ಲಿ ಬದುಕಿರೋನೊಬ್ಬನನ್ನೂ ನಾನು ಕರೆದಿಲ್ಲ ಹುಡುಗಿ. ಇವತ್ತು ನೀನು ನನ್ನ ನಾಲಿಗೆ ಮೇಲೆ ಕೆಂಡ ಇಟ್ಟೆ," ಎಂದಳು. ಬೈಯಲಿಲ್ಲ. ಚಪ್ಪಲಿಯ ಧೂಳು ಕೊಡವಿ ಹೋದಳು.

ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಆದರೆ ಮೊದಲ ಸಾಲಿನಲ್ಲಿ ಕುಳಿತಿದ್ದ ಇಬ್ಬರಿಗೆ ನನ್ನ ದನಿ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಅವ್ವ ಅಂಗಳದ ತಂದೂರಿಗೆ ರೊಟ್ಟಿ ಹೊಡೆಯುತ್ತಿದ್ದಳು. ಬಾಗಿಲು ತೆರೆಯಿತು. ನೀಲಿ ಬಟ್ಟೆ ಉಟ್ಟ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದರು. ಅವರ ಹಿಂದೆ ಸೊಂಟಕ್ಕೆ ವಸ್ತ್ರ ಬಿಗಿದ ಗಂಡಸರು ಬಂದು ಗೋಡೆಯ ಉದ್ದಕ್ಕೂ ನಿಂತರು, ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ. ಬೀದಿಯ ಹಿರಿಯಳು, ಮಾಮಸೋಲಿ ಆಕಾರ ಹೆಂಡತಿ ಬುಸೋರಾ, ಮುಂದೆ ಬಂದು ಅವ್ವನ ಹೆಗಲ ಮೇಲೆ ಕೈಯಿಟ್ಟಳು.

"ದೇವರು ಸಹನೆ ಕೊಡ್ಲಿ ತಂಗಿ."

ಅವ್ವ ಹಿಟ್ಟು ಹಿಡಿದ ಕೈಯನ್ನು ಮೇಲೆತ್ತಿ ನಿಂತಿದ್ದಳು. "ಯಾರು ಸತ್ತದ್ದು?"

ಬುಸೋರಾ ಸುತ್ತ ನೋಡಿದಳು. "ಸೊಬಿರ್‌ಗೆ ಕಾಗದ ಬಂತು ಅಂತ..."

"ಯಾರು ಹೇಳಿದ್ದು?"

"ನಿನ್ನೆ ನಾಟಕದಲ್ಲಿ ಹೆಸರು ಬಂತಂತೆ."

ಅವ್ವ ನನ್ನ ಕಡೆ ತಿರುಗಲಿಲ್ಲ. ನಾನೇ, "ನಾನು ಹೇಳಿದ್ದು," ಎಂದೆ. ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು. ಗೋಡೆ ಪಕ್ಕದ ಗಂಡಸೊಬ್ಬ ಸೊಂಟದ ಗಂಟನ್ನು ಮೆಲ್ಲನೆ ಬಿಚ್ಚತೊಡಗಿದ.

ತಂದೂರಿನಲ್ಲಿ ರೊಟ್ಟಿ ಸೀಯುವ ವಾಸನೆ ಬಂತು. ಅವ್ವ ಬಗ್ಗಿ ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದಳು. ಆಮೇಲೆ ಬುಟ್ಟಿಯನ್ನು ಬುಸೋರಾಳ ಕೈಗೆ ಕೊಟ್ಟಳು.

"ಬಂದಿದ್ದೀರಿ, ಬಿಸಿ ರೊಟ್ಟಿ ತಿಂದು ಹೋಗಿ. ಇದು ತಿಥಿ ರೊಟ್ಟಿ ಅಲ್ಲ, ಹೆದರಬೇಡಿ. ನನ್ನ ಮಗ ಬಂದಾಗ ಹೀಗೇ ಎಲ್ಲರೂ ಬನ್ನಿ. ಬಟ್ಟೆ ಮಾತ್ರ ಬೇರೆ ಹಾಕ್ಕೊಂಡು ಬನ್ನಿ."

ಅವರು ನಿಂತಲ್ಲೇ ರೊಟ್ಟಿ ಮುರಿದು ತಿಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಸ್ತುರಾ ಬಾಗಿಲ ಬಳಿ ಕೂತು ಎಲ್ಲರಿಗೂ ಚಹಾ ಸುರಿದಳು.

ಅವರೆಲ್ಲ ಹೋದ ಮೇಲೆ ಅವ್ವ ಕೈ ತೊಳೆದುಕೊಂಡು ಒಳಗೆ ಬಂದು ಮಸ್ತುರಾಳ ಎದುರು ಕುಳಿತಳು.

"ಹೇಳು ಅಂದದ್ದು ನೀನಾ?"

"ಹೌದು ಅತ್ತೆ."

"ಆ ಕುಂಟನಿಗಾಗಿಯಾ?"

"ಹೌದು."

"ಒಳ್ಳೆಯವನಾ?"

ಈ ಪ್ರಶ್ನೆಯನ್ನು ಮಸ್ತುರಾ ನಿರೀಕ್ಷಿಸಿರಲಿಲ್ಲ. "ಕುಡಿಯಲ್ಲ," ಎಂದಳು. "ನಿಮ್ಮ ಮಗನ ಬಗ್ಗೆ ಕೇಳ್ತಾನೆ. ಹೇಗಿದ್ರು, ಏನು ಮಾತಾಡ್ತಿದ್ರು ಅಂತ. ಬೇರೆ ಯಾರೂ ಈಗ ಕೇಳಲ್ಲ," ಎಂದಳು.

ಅವ್ವ ಮೊಳೆಯ ಮೇಲಿನ ರೊಟ್ಟಿ ನೋಡಿದಳು. "ನನ್ನ ಮಗ ಸತ್ತ ಅನ್ನೋದು ನನ್ನ ಬಾಯಲ್ಲಿ ಬರಲ್ಲ ಮಸ್ತುರಾ. ನೀನು ಎಷ್ಟು ಕಾದರೂ ಬರಲ್ಲ."

"ಗೊತ್ತು ಅತ್ತೆ."

ಆಮೇಲೆ ಎರಡು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ನನ್ನ ಜೊತೆ ಅದೂ ಇಲ್ಲ. ಉಪ್ಪು ಬೇಕಾದರೆ ಅವ್ವ ಮಸ್ತುರಾಳನ್ನು ಕೇಳುತ್ತಿದ್ದಳು, ಅದು ನನ್ನ ಪಕ್ಕದಲ್ಲೇ ಇದ್ದರೂ. ಅವ್ವ ತನ್ನ ಪೆಟ್ಟಿಗೆ ತೆಗೆದು ಏನನ್ನೋ ಹೊಲಿಯುತ್ತಿದ್ದಳು. ನಾನು ಕೇಳಲಿಲ್ಲ. ನೋರ್ಮತನ ಗಾಡಿ ಸೋಮವಾರ ಹೊರಡುವುದಿತ್ತು.

ಭಾನುವಾರ ಕೊನೆಯ ಆಟ. ಮಾಮಸೋಲಿ ಆಕಾ ಬೆಳಿಗ್ಗೆ ಸಿಕ್ಕಿದಾಗ, "ನನ್ನ ಹೆಂಡತಿ ಇವತ್ತೂ ನೀಲಿ ಬಟ್ಟೆ ತೆಗೆದಿಟ್ಟಿದ್ದಾಳೆ. ನನಗೋ ನಿಮ್ಮ ಮನೆಗೋ ಅಂತ ಹೇಳ್ತಿಲ್ಲ," ಎಂದರು. ನಾನು ನಗಲಿಲ್ಲ. ಅವರು ನನ್ನ ಮುಂದೆ ಬಿಸಿ ಚಹಾ ತಳ್ಳಿದರು.

ಸಭೆ ತುಂಬಿತು. ಹಿಂದಿನ ಬಾಗಿಲಲ್ಲೂ ಜನ ನಿಂತಿದ್ದರು. ಏನಾಗುತ್ತದೋ ನೋಡಲು ಬಂದವರು. ನಾನು ಪೆಟ್ಟಿಗೆಗೆ ಇಳಿದು ಪುಸ್ತಕ ತೆರೆದೆ. ಮೂರು ಸಲ ಮರ ತಟ್ಟಿದ ಸದ್ದು.

"ಇನೋಯತ್."

ಅವ್ವನ ದನಿ. ಮುಚ್ಚಳದ ಪಕ್ಕದ ಸಂದಿಯಲ್ಲಿ ಆಕೆಯ ಮುಖ ಕಂಡಿತು. ಮದುವೆಗೆ ಉಡುವ ಬಣ್ಣದ ರೇಷ್ಮೆ ಉಟ್ಟಿದ್ದಳು. ಮಡಿಲಲ್ಲಿ ಒಂದು ಗಂಟು.

"ಈ ದಿನದ ಹೆಸರು ನಾನು ಕೊಡ್ತೀನಿ. ನಾನು ತಾಯಿ ತಾನೇ?"

"ಹೇಳಿ ಅವ್ವಾ."

"ಮಸ್ತುರಾ."

"ಅವಳು ಬದುಕಿದ್ದಾಳಲ್ಲ."

"ಸತ್ತಿದ್ದಾಳೆ ಅಂದೆನಾ? ಮಗಳು ಮನೆ ಬಿಟ್ಟು ಹೊರಡುವಾಗಲೂ ಅಳೋದಿಲ್ವಾ? ಅದನ್ನೂ ಈ ಅಜ್ಜೀನೇ ಹಾಡೋದು. ನಿನ್ನ ಅಜ್ಜಿ ಮನೆಯಿಂದ ನಾನು ಹೊರಟಾಗ ಹಾಡಿದ್ದೂ ಇವಳೇ. ನೀನು ಹೇಳು, ಅವಳಿಗೆ ಗೊತ್ತಾಗುತ್ತೆ," ಎಂದಳು. ಮೂರು ದಿನಗಳಲ್ಲಿ ಆಕೆ ನನ್ನೊಡನೆ ಆಡಿದ್ದು ಅಷ್ಟು. ಆಮೇಲೆ ಹೋಗಿ ಮೊದಲ ಸಾಲಿನಲ್ಲಿ ಕುಳಿತಳು. ಪಕ್ಕದಲ್ಲಿ ಮಸ್ತುರಾ ಇದ್ದಳು. ಅವಳಿಗೆ ಏನೂ ಹೇಳಿರಲಿಲ್ಲ ಎಂದು ಅವಳು ಕುಳಿತ ರೀತಿಯಿಂದಲೇ ತಿಳಿಯುತ್ತಿತ್ತು.

ಮೊದಲೆರಡು ಅಂಕಗಳಲ್ಲಿ ನಾನು ಎರಡು ಕಡೆ ಮಾತು ಎತ್ತಿಕೊಡಲು ತಡ ಮಾಡಿದೆ. ಸಲೋಮತ್ ಅಕ್ಕ ಕಾಲಿನಿಂದ ಹಲಗೆ ಕುಟ್ಟಿ ಕರೆಯಬೇಕಾಯಿತು. ಮೂರನೆಯ ಅಂಕದಲ್ಲಿ ಮಾಮಸೋಲಿ ಆಕಾರನ್ನು ಇಳಿಸಿದರು. ಅಜ್ಜಿಯ ಚಪ್ಪಲಿ ಹತ್ತಿರ ಬಂತು. ಆಕೆ ಬಗ್ಗಿದಳು, ಆದರೆ ಕಣ್ಣಿನಲ್ಲಿ ನಂಬಿಕೆ ಇರಲಿಲ್ಲ.

"ಮಸ್ತುರಾ," ಎಂದೆ. "ಬದುಕಿದ್ದಾಳೆ. ಮಗಳು. ನಾಳೆ ಮನೆ ಬಿಟ್ಟು ಹೊರಡ್ತಾಳೆ. ತಾಯಿ ಕೊಟ್ಟ ಹೆಸರು."

ಅಜ್ಜಿ ತಲೆಯೆತ್ತಿ ಮೊದಲ ಸಾಲು ನೋಡಿದಳು. ರೇಷ್ಮೆ ಉಟ್ಟ ಅವ್ವನನ್ನೂ ಮಡಿಲಿನ ಗಂಟನ್ನೂ ನೋಡಿದಳು. ಎಷ್ಟು ಹೊತ್ತು ಹಾಗೆ ಇದ್ದಳೋ, ಪಕ್ಕದ ಪರದೆಯ ಸಂದಿಯಲ್ಲಿ ಇಸ್ಕಂದರೋವನ ಬೂಟು ಒಂದು ಹೆಜ್ಜೆ ಮುಂದೆ ಬಂತು. ಆಗ ಅಜ್ಜಿ ತಲೆಯ ನೀಲಿ ವಸ್ತ್ರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಮದುವೆಮನೆಗೆ ಕಟ್ಟುವ ಬಿಳಿಯದಿತ್ತು. ಅಳುಹಾಡಿನ ಅದೇ ಧಾಟಿಯಲ್ಲಿ ಎತ್ತಿದಳು:

ಐದು ಚಳಿಗಾಲ ಒಲೆ ಹೊತ್ತಿಸಿದೆ ಮಗಳೇ,
ಆರನೆಯದಕ್ಕೆ ಬೂದಿಯ ಯಾರು ಕೆದಕುವರೇ.
ತುಂಬಿದ ಕೊಡವ ಹೊಸಿಲಲ್ಲಿಟ್ಟು ಹೊರಟೆ ಮಸ್ತುರಾ,
ತುಳುಕದ ಹಾಗೆ ತಿರುಗಿ ಒಮ್ಮೆ ನೋಡೇ.

ಹೆಂಗಸರ ಸಾಲುಗಳು ಮೊದಲು ಏನೂ ತಿಳಿಯದೆ ಕುಳಿತಿದ್ದವು. ಎದುರಿಗೆ ಹೆಣವಿತ್ತು, ಹಾಡು ಮದುಮಗಳದಾಗಿತ್ತು. ಎರಡನೆಯ ಸುತ್ತಿಗೆ ಸಲೋಮತ್ ಅಕ್ಕ ದನಿ ಕೂಡಿಸಿದಳು. ಸತ್ತ ಮಗನ ತಾಯಿ ಹೆಣ ಬಿಟ್ಟು ಎದ್ದು ನಿಂತು ಹಾಡಿದಳು. ಸಭೆಯಲ್ಲಿ ಮೊದಲು ದನಿಯೆತ್ತಿದವಳು ಬುಸೋರಾ. ಮಗಳನ್ನು ಕಳಿಸುವಾಗ ಕೂಗುವ 'ಯೋರ್, ಯೋರ್' ಎಂಬ ಪಲ್ಲವಿ. ಆಮೇಲೆ ಎಲ್ಲರೂ ಸೇರಿಕೊಂಡರು. ನನ್ನ ಮುಖದ ನೇರಕ್ಕಿದ್ದ ಮಾಮಸೋಲಿ ಆಕಾರ ಕಾಲಿನ ಹೆಬ್ಬೆರಳು ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ಹನ್ನೆರಡು ವರ್ಷ ವಧುವಾಗಿದ್ದವರು. ನಾನು ಪುಸ್ತಕ ಚಾಚಿ ಬೆರಳನ್ನು ಮುಚ್ಚಿದೆ.

ಮುಚ್ಚಳದ ಸಂದಿಯಿಂದ ನೋಡಿದೆ, ಮಸ್ತುರಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವ್ವ ಅಳಲಿಲ್ಲ. ಗಂಟನ್ನು ಬಿಚ್ಚಿ, ಒಳಗಿದ್ದ ಹೊಸ ಅಂಗಿಯನ್ನು, ಎರಡು ದಿನ ಹೊಲಿದದ್ದನ್ನು, ಎಲ್ಲರಿಗೂ ಕಾಣುವ ಹಾಗೆ ಅವಳ ಹೆಗಲ ಮೇಲೆ ಹಾಕಿದಳು. ತಾಯಿ ಮಗಳಿಗೆ ಹಾಕುವ ಹಾಗೆ. ಅದನ್ನು ಊರು ನೋಡಿತು.

ನಾಟಕದಲ್ಲಿ ಇನ್ನೂ ಒಂದು ದೃ‍ಶ್ಯವಿತ್ತು. ಅದನ್ನು ಆಡಲಾಗಲಿಲ್ಲ. ಪರದೆ ಬಿದ್ದ ಮೇಲೆ ಇಸ್ಕಂದರೋವ್ ಪೆಟ್ಟಿಗೆಯ ಬಳಿ ಬಂದು ಪುಸ್ತಕ ಕೇಳಿದ. 'ತಾಯಿ ಅಳುತ್ತಾಳೆ' ಎಂಬ ಸಾಲಿನ ಕೆಳಗೆ ಏನೋ ಬರೆಯಲು ಪೆನ್ಸಿಲ್ ತೆಗೆದ. ಏನೂ ಬರೆಯದೆ ಹಿಂದಕ್ಕೆ ಕೊಟ್ಟ.

"ಇವತ್ತು ಬೀಜ ಮಾರೋನಿಗೆ ವ್ಯಾಪಾರ ಆಗಿರಲ್ಲ," ಎಂದ.

ಸೋಮವಾರ ಬೆಳಿಗ್ಗೆ ನೋರ್ಮತ್ ಗಾಡಿ ತಂದು ಬಾಗಿಲ ಹೊರಗೆ ನಿಲ್ಲಿಸಿದ. ಒಳಗೆ ಬರಲು ಸಂಕೋಚಪಟ್ಟು ಕುದುರೆಯ ಕುತ್ತಿಗೆ ಸವರುತ್ತ ನಿಂತ. ಅವ್ವ ತಂದೂರಿನಿಂದ ಬಿಸಿ ರೊಟ್ಟಿ ತಂದು ಮಸ್ತುರಾಳ ಬಾಯಿಗೆ ಹಿಡಿದಳು.

"ಕಚ್ಚು."

"ಅತ್ತೆ, ಇದು ಸೈನ್ಯಕ್ಕೆ ಹೋಗೋರಿಗೆ ಮಾತ್ರ ಅಲ್ವಾ? ಮದುವೆಯಾಗಿ ಹೋಗೋರಿಗೆ ಯಾರೂ ಕೊಡಲ್ಲ."

"ದೂರ ಹೋಗ್ತಿದ್ದೀಯ. ಬಂದು ಮುಗಿಸಬೇಕು. ಕಚ್ಚು."

ಮಸ್ತುರಾ ಕಚ್ಚಿದಳು. ಬಿಸಿಗೆ ನಾಲಿಗೆ ಸುಟ್ಟುಕೊಂಡು ನಕ್ಕಳು. ಗಾಡಿ ತಿರುವು ದಾಟಿದ ಮೇಲೆ ಅವ್ವ ಸುತ್ತಿಗೆ ತಗೊಂಡು ಬಾ ಎಂದು ನನಗೆ ಹೇಳಿದಳು. ಅಣ್ಣನ ರೊಟ್ಟಿಯ ಪಕ್ಕದಲ್ಲಿ ನಾನು ಇನ್ನೊಂದು ಮೊಳೆ ಹೊಡೆದೆ.

ಶುಕ್ರವಾರ ಈಗ ಎರಡರ ಧೂಳೂ ಒರೆಸಬೇಕು. ಹೊಸದು ಇನ್ನೂ ಪೂರ್ತಿ ಒಣಗಿಲ್ಲ, ಬಟ್ಟೆಗೆ ಅದರ ಮೇಲಿನ ಎಳ್ಳು ಅಂಟಿಕೊಳ್ಳುತ್ತದೆ.